ಮಕ್ಕಳ ಹುಟ್ಟುಹಬ್ಬ: ಸಂತೋಷ ದೊಡ್ಡದಿರಲಿ, ಖರ್ಚು ಸಣ್ಣದಿರಲಿ

(ಸ್ವಸಹಾಯ ಸಂಘಗಳ ಸಭೆಯಲ್ಲಿ ಓದಿ ಚರ್ಚಿಸಲು ಒಂದು ಪಾಠ)



ಸಂಘದ ಸಾಲದ ಪುಸ್ತಕದಲ್ಲಿ ‘ಸಾಲದ ಉದ್ದೇಶ’ ಎಂಬ ಒಂದು ಕಾಲಂ ಇರುತ್ತದೆ. ಬೀಜ-ಗೊಬ್ಬರ, ಎಮ್ಮೆ ಖರೀದಿ, ಹೊಲಿಗೆ ಯಂತ್ರ, ಆಸ್ಪತ್ರೆ, ಶಾಲೆಯ ಫೀ, ಮದುವೆ ಎಂದು ಅಲ್ಲಿ ಬರೆಯುತ್ತೇವೆ. ‘ಹುಟ್ಟುಹಬ್ಬ’ ಎಂದು ಬರೆದದ್ದು ಬಹಳ ಅಪರೂಪ. ಆದರೆ ಸಭೆ ಮುಗಿದ ಮೇಲೆ ಕುಳಿತು ಮಾತಾಡಿದರೆ ‘ಮನೆ ಖರ್ಚು’ ಎಂದು ಬರೆಸಿದ ಎಷ್ಟೋ ಸಾಲ ಮಗನ ಅಥವಾ ಮೊಮ್ಮಗನ ಬರ್ತ್‌ಡೇಗೆ ಹೋಗಿದೆ ಎಂಬುದು ಹೊರಗೆ ಬರುತ್ತದೆ. “ಏನ್ ಮಾಡೂದ್ರಿ ಸಿಸ್ಟರ್, ಓಣಿಯಾಗ ಎಲ್ಲಾರೂ ಮಾಡ್ತಾರ, ನಾವು ಮಾಡ್ಲಿಲ್ಲಂದ್ರ ಹುಡುಗ ಅಳ್ತಾನ” ಎಂದು ತಾಯಂದಿರು ಹೇಳುತ್ತಾರೆ. ಈ ಮಾತನ್ನು ಗದರಿಸಿ ತಳ್ಳಿಹಾಕಬಾರದು. ಮಗುವಿನ ಸಂತೋಷ ದೊಡ್ಡದೇ. ಆ ಸಂತೋಷಕ್ಕೆ ಎಷ್ಟು ಹಣ ಬೇಕು ಎಂಬುದೇ ಈ ಪಾಠದ ಪ್ರಶ್ನೆ.

ಪಾಠದ ಉದ್ದೇಶಗಳು:
1. ಹುಟ್ಟುಹಬ್ಬದ ಖರ್ಚನ್ನು ಬಡ್ಡಿ ಸಮೇತ ಲೆಕ್ಕ ಹಾಕುವುದು.
2. ಉಡುಗೊರೆಯ ಒತ್ತಡ ಯಾರ ಮೇಲೆ ಬೀಳುತ್ತದೆ ಎಂದು ಅರಿಯುವುದು.
3. ಕಡಿಮೆ ಖರ್ಚಿನಲ್ಲಿ, ಸಾಲವಿಲ್ಲದೆ ಹುಟ್ಟುಹಬ್ಬ ಮಾಡುವ ಯೋಜನೆ ತಯಾರಿಸುವುದು.

ಆಗ ಮತ್ತು ಈಗ

ನಿಮ್ಮ ಹುಟ್ಟಿದ ದಿನ ಯಾವುದು ಎಂದು ಸಭೆಯಲ್ಲಿ ಒಬ್ಬೊಬ್ಬರನ್ನೇ ಕೇಳಿ ನೋಡಿ. ನಲವತ್ತು ದಾಟಿದವರಲ್ಲಿ ಹಲವರು “ಜೂನ್ 1” ಎನ್ನುತ್ತಾರೆ. ಒಂದೇ ದಿನ ಇಷ್ಟು ಮಂದಿ ಹುಟ್ಟಿದರೇ? ಹಾಗಲ್ಲ. ಶಾಲೆಗೆ ಹೆಸರು ಹಚ್ಚುವಾಗ ತಾಯಿ-ತಂದೆಗೆ ತಾರೀಕು ಗೊತ್ತಿರಲಿಲ್ಲ. ಶಾಲೆ ಶುರುವಾಗುವ ಹೊತ್ತಿನ ಜೂನ್ 1ನ್ನೇ ಮಾಸ್ತರು ಬರೆದುಕೊಂಡರು. ಕರ್ನಾಟಕದ ತುಂಬ ಇಂಥ ಜೂನ್ ಒಂದರ ಹುಟ್ಟುಹಬ್ಬದವರು ಇದ್ದಾರೆ. “ಶೀಗಿ ಹುಣ್ಣಿಮಿ ಮುಂದ ಹುಟ್ಟಿದ್ದು”, “ಜ್ವಾಳಾ ಕೊಯ್ಯಾಗ ಹುಟ್ಟಿದ್ದು” ಎಂದಷ್ಟೇ ಅಜ್ಜಿಯರಿಗೆ ನೆನಪು.

ಹಾಗೆಂದು ಆಗ ಮಕ್ಕಳಿಗೆ ಸಂಭ್ರಮ ಇರಲಿಲ್ಲವೇ? ಇತ್ತು. ತೊಟ್ಟಿಲು ಕಾರ್ಯ ಇತ್ತು, ಜವಳ ಇತ್ತು. ನಾಗರ ಪಂಚಮಿಗೆ ಜೋಕಾಲಿ ಇತ್ತು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಇದ್ದವು. ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಸಕ್ಕರೆ ಆರತಿ ಹಿಡಿದು ಹೋಗುತ್ತಿದ್ದರು. ಇವೆಲ್ಲ ಓಣಿಯ ಮಕ್ಕಳೆಲ್ಲ ಕೂಡಿ ಮಾಡುವ ಹಬ್ಬಗಳು. ಒಂದೇ ಮಗುವನ್ನು ಕುರ್ಚಿಯ ಮೇಲೆ ಕೂರಿಸಿ, ಉಳಿದ ಮಕ್ಕಳು ಉಡುಗೊರೆ ಹಿಡಿದು ಸಾಲಾಗಿ ನಿಲ್ಲುವ ಪದ್ಧತಿ ಅವುಗಳಲ್ಲಿ ಇರಲಿಲ್ಲ.

ಕೇಕಿನ ಮೇಲೆ ಮೇಣದ ಬತ್ತಿ ಹಚ್ಚುವ ಪದ್ಧತಿ ಜರ್ಮನಿಯ ಕಡೆಯಿಂದ ಹಬ್ಬಿದ್ದು. ಇಂದು ಜಗತ್ತಿನ ಎಲ್ಲೆಡೆ ಹಾಡುವ ಹುಟ್ಟುಹಬ್ಬದ ಹಾಡಿನ ರಾಗ 1893ರಲ್ಲಿ ಪ್ರಕಟವಾಯಿತು. ಅದನ್ನು ಮಾಡಿದವರು ಅಮೆರಿಕದ ಇಬ್ಬರು ಅಕ್ಕತಂಗಿಯರು, ಹಿಲ್ ಸಹೋದರಿಯರು. ಶಿಶುವಿಹಾರದ ಮಕ್ಕಳಿಗೆ ಬೆಳಿಗ್ಗೆ ನಮಸ್ಕಾರ ಹೇಳಲು ಮಾಡಿದ ಪುಟ್ಟ ಹಾಡು ಅದು. ಒಬ್ಬ ಶಿಕ್ಷಕಿ, ಒಂದು ತರಗತಿ, ಒಂದಿಷ್ಟು ಮಕ್ಕಳು, ಇಷ್ಟೇ ಅದರ ಮೂಲ. ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಮಗು ಹುಟ್ಟಿದ ದಿನವನ್ನು ನೆನೆದು ಕೃತಜ್ಞತೆ ಸಲ್ಲಿಸುವುದು ಒಳ್ಳೆಯದು. ಆ ದಿನದ ಬೆನ್ನು ಹತ್ತಿ ಬಂದಿರುವ ಅಂಗಡಿಯ ಸಾಮಾನುಗಳ ಬಗ್ಗೆ ಮಾತ್ರ ಯೋಚಿಸಬೇಕು.

ಲೆಕ್ಕ ಹಾಕಿ ನೋಡೋಣ

ಹೊಳೆಆಲೂರಿನಂಥ ಊರಲ್ಲಿ ಇಂದು ನಡೆಯುವ ಒಂದು ಮಧ್ಯಮ ಪ್ರಮಾಣದ ಹುಟ್ಟುಹಬ್ಬವನ್ನು ಉದಾಹರಣೆಗೆ ಹಿಡಿಯೋಣ. ನಿಮ್ಮ ಮನೆಯ ಅಂಕಿ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ.

ಕೇಕ್ – 800 ರೂ.
ಫ್ಲೆಕ್ಸ್ – 600 ರೂ.
ಶಾಮಿಯಾನ, ಅಲಂಕಾರ – 1500 ರೂ.
60 ಮಂದಿಗೆ ಊಟ, ತಲೆಗೆ 60ರಂತೆ – 3600 ರೂ.
ಹೊಸ ಬಟ್ಟೆ – 1500 ರೂ.
ಬಂದ 40 ಮಕ್ಕಳಿಗೆ ರಿಟರ್ನ್ ಗಿಫ್ಟ್, 25ರಂತೆ – 1000 ರೂ.
ಫೋಟೋ, ಸೌಂಡ್ – 1000 ರೂ.
ಒಟ್ಟು – 10,000 ರೂ.

ಈ ಹಣ ಎಲ್ಲಿಂದ ಬಂತು? ಸಂಘದಿಂದ ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿಯಂತೆ ತೆಗೆದು, ತಿಂಗಳಿಗೆ 1000ದಂತೆ 10 ಕಂತಿನಲ್ಲಿ ತೀರಿಸಿದರೆ, ಉಳಿದ ಅಸಲಿನ ಮೇಲೆ ಬಡ್ಡಿ 200, 180, 160 ಎಂದು ಇಳಿಯುತ್ತ ಹೋಗಿ ಒಟ್ಟು 1100 ರೂಪಾಯಿ ಆಗುತ್ತದೆ. ಹೊರಗೆ ನೂರಕ್ಕೆ 5 ರೂಪಾಯಿಯಂತೆ ತಂದರೆ ತಿಂಗಳಿಗೆ 500 ರೂಪಾಯಿ ಬರೀ ಬಡ್ಡಿ. 10 ತಿಂಗಳಲ್ಲಿ 5000 ಬಡ್ಡಿ ಕಟ್ಟಿದರೂ 10,000 ಅಸಲು ಹಾಗೇ ಕುಳಿತಿರುತ್ತದೆ. ಅಷ್ಟರಲ್ಲಿ ಮುಂದಿನ ಹುಟ್ಟುಹಬ್ಬ ಬಂದೇ ಬಿಡುತ್ತದೆ!

ಇನ್ನೊಂದು ರೀತಿ ನೋಡಿ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ಒಂದು ಸಂಜೆಯ ಪಾರ್ಟಿ ಎಂದರೆ ಐದು ತಿಂಗಳ ಗೃಹಲಕ್ಷ್ಮಿ. ಒಂದು ಮಗುವಿಗೆ ಒಂದನೇ ವರ್ಷದಿಂದ ಹತ್ತನೇ ವರ್ಷದವರೆಗೆ ಹೀಗೇ ಮಾಡಿದರೆ ಒಂದು ಲಕ್ಷ ರೂಪಾಯಿ. ಆ ಮಗು ಪಿಯುಸಿ ಮುಗಿಸಿ “ಅವ್ವಾ, ನರ್ಸಿಂಗ್ ಕಲೀತೀನಿ” ಎಂದಾಗ ಆ ಒಂದು ಲಕ್ಷ ಎಲ್ಲಿರುತ್ತದೆ?

ಸಾಲದ ನೋವು ಈ ಭಾಗದವರಿಗೆ ಹೊಸದಲ್ಲ. ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸಬೇಕೆಂದೇ ನಮ್ಮ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ನೂರು ವರ್ಷ ದಾಟಿದ ಮೇಲೂ ಸಾಲದ ಕಾಟ ನಿಂತಿಲ್ಲ. ಕಿರುಸಾಲ ವಸೂಲಿಯ ಕಿರುಕುಳ ಹೆಚ್ಚಾದಾಗ, ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಾನೂನು ಕಿರುಕುಳದಿಂದ ರಕ್ಷಣೆ ಕೊಡಬಹುದು. ಆದರೆ ನಾವು ಕೇಕಿಗೆ, ಫ್ಲೆಕ್ಸಿಗೆ ಮಾಡಿದ ಸಾಲವನ್ನು ಕಾನೂನು ತೀರಿಸುವುದಿಲ್ಲ, ನಾವೇ ತೀರಿಸಬೇಕು.

ಮಲಪ್ರಭೆಯ ದಂಡೆಯ ನಮಗೆ ಇನ್ನೊಂದು ಕಾರಣವೂ ಇದೆ. 2009ರಲ್ಲಿ, ಮತ್ತೆ 2019ರಲ್ಲಿ ಹೊಳೆ ಉಕ್ಕಿ ಮನೆಗಳಿಗೆ ನೀರು ಹೊಕ್ಕಿದ್ದನ್ನು ನೀವು ಕಂಡಿದ್ದೀರಿ. ಮಳೆ ಹೆಚ್ಚಾದರೆ ನೆರೆ, ಮಳೆ ಹೋದರೆ ಬರ. ಉಳ್ಳಾಗಡ್ಡಿ ರೇಟು ಇಂದು ಏರಿದರೆ ನಾಳೆ ನೆಲ ಕಚ್ಚುತ್ತದೆ. ಹೀಗಿರುವಾಗ ಕೈಯಲ್ಲಿ ನಾಲ್ಕು ಕಾಸು ಉಳಿದಿರುವುದೇ ಮಕ್ಕಳಿಗೆ ದೊಡ್ಡ ಆಸರೆ.

ಉಡುಗೊರೆಯೋ, ಮುಯ್ಯಿಯೋ?

ಮದುವೆಯಲ್ಲಿ ಆಯೇರಿ ಬರೆದುಕೊಳ್ಳುವುದು ನಮಗೆಲ್ಲ ಗೊತ್ತು. ಯಾರು ಎಷ್ಟು ಕೊಟ್ಟರು, ಯಾವ ಸೀರೆ ತಂದರು ಎಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಕಾರ್ಯಕ್ಕೆ ಅಷ್ಟನ್ನೇ ಅಥವಾ ಸ್ವಲ್ಪ ಹೆಚ್ಚಾಗಿ ತಿರುಗಿಸುತ್ತೇವೆ. ಮುಯ್ಯಿ ಎಂದರೆ ಇದೇ. ಕಷ್ಟದ ಕಾರ್ಯಕ್ಕೆ ನಾಲ್ಕು ಮನೆಯವರು ಕೈಗೂಡಿಸುವ ಪದ್ಧತಿಯಾಗಿ ಅದಕ್ಕೆ ಅರ್ಥವಿತ್ತು. ಈಗ ಅದೇ ಮುಯ್ಯಿ ಮಕ್ಕಳ ಹುಟ್ಟುಹಬ್ಬಕ್ಕೂ ಬಂದಿದೆ. ಮದುವೆ ಜೀವನದಲ್ಲಿ ಒಮ್ಮೆ. ಹುಟ್ಟುಹಬ್ಬ ವರ್ಷಕ್ಕೊಮ್ಮೆ, ಅದೂ ಪ್ರತಿ ಮನೆಯ ಪ್ರತಿ ಮಗುವಿಗೆ. ಓಣಿಯಲ್ಲಿ 15 ಮಕ್ಕಳಿದ್ದು, ಒಬ್ಬೊಬ್ಬರಿಗೆ 100 ರೂಪಾಯಿಯ ಉಡುಗೊರೆ ಕೊಟ್ಟರೆ ಒಂದು ಮನೆಗೆ ವರ್ಷಕ್ಕೆ 1500 ರೂಪಾಯಿ. ತಿರುಗಿ ಬರುವುದೇನು? ಎರಡು ದಿನದಲ್ಲಿ ಮುರಿಯುವ ಪ್ಲಾಸ್ಟಿಕ್ ಕಾರು, ಒಂದೇ ತರಹದ ನಾಲ್ಕು ಟಿಫಿನ್ ಡಬ್ಬಿ, ಓಡದ ಗಡಿಯಾರ.

ಇದರಲ್ಲಿ ಎಲ್ಲಕ್ಕಿಂತ ಹೆಚ್ಚು ನೋಯುವವರು ದೊಡ್ಡವರಲ್ಲ. ಕೂಲಿ ಸಿಗದ ವಾರದಲ್ಲಿ ಪಕ್ಕದ ಮನೆಯ ಹುಟ್ಟುಹಬ್ಬ ಬಂತೆಂದು ತಿಳಿಯಿರಿ. ಆ ತಾಯಿ “ಹೋಗಬ್ಯಾಡ, ನಿನಗ ಜ್ವರ ಐತಿ ಅಂತ ಹೇಳ್ತೀನಿ” ಎಂದು ಮಗುವನ್ನು ಮನೆಯಲ್ಲೇ ಕೂರಿಸುತ್ತಾಳೆ. ಆಚೆ ಮಕ್ಕಳು ಹಾಡುವುದು ಗೋಡೆಯ ಈಚೆಗೆ ಕೇಳುತ್ತಿರುತ್ತದೆ. ಜ್ವರವಿಲ್ಲದ ಮಗು ಸುಳ್ಳು ಜ್ವರದಲ್ಲಿ ಮಲಗುತ್ತದೆ. ದಿನಾ ಕೂಡಿ ಆಡುವ ಗೆಳೆಯನ ಮನೆಗೆ ಬರಿಗೈಯಲ್ಲಿ ಹೋಗಲಾಗದು ಎಂಬುದನ್ನು ಆ ಮಗು ಆರನೇ ವರ್ಷಕ್ಕೇ ಕಲಿಯುತ್ತದೆ. ನಮ್ಮ ಮಗುವಿನ ಸಂತೋಷಕ್ಕಾಗಿ ಮಾಡಿದ ಹಬ್ಬ ಇನ್ನೊಂದು ಮಗುವಿಗೆ ಅವಮಾನವಾಗಬಾರದು. ಉಡುಗೊರೆ ಬೇಡ ಎಂದು ನಾವು ಹೇಳುವುದು ಮುಖ್ಯವಾಗಿ ಈ ಮಗುವಿಗಾಗಿ.

ಫ್ಲೆಕ್ಸ್, ಕೇಕ್, ಸ್ಪ್ರೇ: ಅಪಾಯ ತಿಳಿದಿರಲಿ

ಮಗುವಿನ ಫೋಟೋ ಹಾಕಿದ ಫ್ಲೆಕ್ಸ್ ಕಟ್ಟುವುದು ಈಗ ಹಳ್ಳಿಗಳಲ್ಲೂ ರೂಢಿಯಾಗಿದೆ. ನಮ್ಮದೇ ಜಿಲ್ಲೆಯ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ 2024ರ ಜನವರಿಯಲ್ಲಿ ಏನಾಯಿತು ಎಂಬುದು ನೆನಪಿರಲಿ. ಚಿತ್ರನಟ ಯಶ್ ಅವರ ಹುಟ್ಟುಹಬ್ಬಕ್ಕೆಂದು ರಾತ್ರಿ ಕಟೌಟ್ ನಿಲ್ಲಿಸುವಾಗ ಅದು ವಿದ್ಯುತ್ ತಂತಿಗೆ ತಗುಲಿ ಮೂವರು ಯುವಕರು ಸತ್ತರು; ಇನ್ನೂ ಮೂವರು ಗಾಯಗೊಂಡರು. ಜನವರಿ 8ರಂದು, ತಮ್ಮ ಹುಟ್ಟುಹಬ್ಬದ ದಿನವೇ, ಆ ನಟ ಸೂರಣಗಿಗೆ ಬಂದು ಸತ್ತವರ ಮನೆಯವರನ್ನು ಕಂಡರು. ಇಂಥ ಅಭಿಮಾನ ತಮಗೆ ಬೇಡವೆಂದು ಕೇಳಿಕೊಂಡರು. ಒಬ್ಬರ ಹುಟ್ಟಿದ ದಿನ ಮೂರು ತಾಯಂದಿರಿಗೆ ಮಕ್ಕಳನ್ನು ಕಳೆದುಕೊಂಡ ದಿನವಾಯಿತು. ನಮ್ಮ ಓಣಿಯಲ್ಲೂ ಕರೆಂಟಿನ ತಂತಿ ಕೈಗೆ ಎಟಕುವಷ್ಟು ಕೆಳಗಿರುತ್ತದೆ. ಫ್ಲೆಕ್ಸ್ ಕಟ್ಟಲು ಕಂಬ ಹತ್ತುವವರು ನಮ್ಮ ಮಕ್ಕಳೇ. ಇದೊಂದನ್ನು ಇಂದಿನಿಂದಲೇ ಬಿಟ್ಟುಬಿಡೋಣ.

ಕೇಕಿನ ವಿಷಯ. 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಬೇಕರಿಗಳ 235 ಕೇಕ್ ಮಾದರಿಗಳನ್ನು ಪರೀಕ್ಷಿಸಿತು. 223 ಮಾದರಿ ಸರಿಯಿದ್ದವು. 12ರಲ್ಲಿ ಕೃತಕ ಬಣ್ಣ ಮಿತಿಮೀರಿತ್ತು. ಎಲ್ಲ ಕೇಕೂ ವಿಷವೆಂದು ಹೆದರಬೇಕಾಗಿಲ್ಲ. ಆದರೆ ಕಣ್ಣು ಕುಕ್ಕುವ ಕೆಂಪು, ನೀಲಿ ಬಣ್ಣದ ಕೇಕನ್ನು ಹಣ ಕೊಟ್ಟು ತರುವ ಮುಂಚೆ ಎರಡು ಸಲ ಯೋಚಿಸಿ.

ಮಗುವಿನ ಮುಖಕ್ಕೆ ಹೊಡೆಯುವ ನೊರೆಯ ಸ್ಪ್ರೇ ಡಬ್ಬಿಗಳಲ್ಲಿ ಬೆಂಕಿ ಹತ್ತುವ ಅನಿಲ ಇರುತ್ತದೆ. ಒಂದು ಕಡೆ ಮೇಣದ ಬತ್ತಿ, ಇನ್ನೊಂದು ಕಡೆ ಸ್ಪ್ರೇ ಎಂದರೆ ಬೆಂಕಿಗೆ ನಾವೇ ಕರೆ ಕೊಟ್ಟಂತೆ. ಕಣ್ಣಿಗೂ ಕೆಟ್ಟದ್ದು.

2022ರ ಜುಲೈ 1ರಿಂದ ದೇಶದಲ್ಲೆಲ್ಲ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮಾಕೋಲ್ ನಿಷೇಧವಾಗಿವೆ. ಸಂಘದಲ್ಲಿ ಸ್ಟೀಲಿನ ತಟ್ಟೆ, ಲೋಟ ಇದ್ದರೆ ಅವನ್ನೇ ತನ್ನಿ. ಇಲ್ಲವಾದರೆ ಬಂದ ಮಕ್ಕಳು ತಮ್ಮ ತಮ್ಮ ತಟ್ಟೆ ತರಲಿ, ನಾಚಿಕೆ ಏನಿಲ್ಲ.

ಇನ್ನೊಂದು ಮಾತು. ಮಕ್ಕಳ ಕಾರ್ಯಕ್ರಮ ಮುಗಿದ ಮೇಲೆ ಗಂಡಸರ ಬೇರೆ ‘ಪಾರ್ಟಿ’ ಶುರುವಾಗುವ ಮನೆಗಳೂ ಇವೆ. ಅದರ ಖರ್ಚು ಮೇಲಿನ ಪಟ್ಟಿಯಲ್ಲಿ ಇಲ್ಲ. ಆದರೆ ಮನೆಯಲ್ಲಿ ಅದೇ ದೊಡ್ಡ ಖರ್ಚು. ಮಗುವಿನ ಹೆಸರಿನಲ್ಲಿ ಕುಡಿತಕ್ಕೆ ಒಂದು ಪೈಸೆಯನ್ನೂ ಕೊಡಬೇಡಿ. ಒಬ್ಬಳಿಗೆ ಹೇಳಲು ಕಷ್ಟವಾದರೆ ಸಂಘದ ನಾಲ್ಕು ಮಂದಿ ಕೂಡಿ ಹೋಗಿ ಹೇಳಿ.

ಹೆಣ್ಣುಮಗುವಿಗೂ ಹುಟ್ಟಿದ ದಿನವಿದೆ

ಮನೆ ಭೇಟಿಗೆ ಹೋದಾಗ ಗೋಡೆಯ ಮೇಲಿನ ಫೋಟೋ ನೋಡುತ್ತೇವೆ. ಮಗನ ಒಂದನೇ ವರ್ಷ, ಎರಡನೇ ವರ್ಷ, ಐದನೇ ವರ್ಷದ ಫೋಟೋ ಇರುತ್ತದೆ. ಅಕ್ಕನದು ಒಂದೂ ಇರುವುದಿಲ್ಲ. “ಆಕಿದು ಏನ್ ಮಾಡೂದ್ರಿ, ಹುಡುಗಂದು ಮಾಡಿದ್ವಿ” ಎನ್ನುತ್ತಾರೆ. ತಮ್ಮನ ಹುಟ್ಟುಹಬ್ಬಕ್ಕೆ ಪಾತ್ರೆ ತಿಕ್ಕುವುದು, ತಟ್ಟೆ ಕೊಡುವುದು ಅಕ್ಕನ ಪಾಲು. ಹತ್ತು ಸಾವಿರದ ಒಂದು ಪಾರ್ಟಿ ಒಬ್ಬನಿಗೆ ಮಾತ್ರ ಮಾಡಲು ಸಾಧ್ಯ. ಐನೂರರ ಹಬ್ಬವಾದರೆ ಮನೆಯ ಎಲ್ಲ ಮಕ್ಕಳಿಗೂ ಮಾಡಬಹುದು. ಸರಳವಾಗಿ ಮಾಡುವುದರಿಂದ ಸಮಾನತೆಯೂ ಬರುತ್ತದೆ. ನಮ್ಮ ನಿಯಮ ಹೀಗಿರಲಿ: ಮಗನಿಗೆ ಎಷ್ಟೋ ಮಗಳಿಗೂ ಅಷ್ಟೇ.

ಹಾಗಾದರೆ ಹೇಗೆ ಮಾಡೋಣ?

ಒಂದು, ಮುಂಚೆಯೇ ಮೊತ್ತ ಗೊತ್ತು ಮಾಡಿ. ಹುಟ್ಟುಹಬ್ಬ ದಿಢೀರನೆ ಬರುವ ಕಾಯಿಲೆಯಲ್ಲ. ತಾರೀಕು ವರ್ಷದ ಮುಂಚೆಯೇ ಗೊತ್ತು. 500 ರೂಪಾಯಿ ಎಂದು ಗೊತ್ತು ಮಾಡಿದರೆ ವಾರಕ್ಕೆ 10 ರೂಪಾಯಿ ಡಬ್ಬಿಗೆ ಹಾಕಿದರೆ ಸಾಕು, 50 ವಾರದಲ್ಲಿ ಕೂಡುತ್ತದೆ. ಡಬ್ಬಿಯಲ್ಲಿ ಇದ್ದಷ್ಟೇ ಖರ್ಚು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ಎರಡು, ಕರೆಯುವವರು ಮಕ್ಕಳು ಮಾತ್ರ. ಮಗು ದಿನಾ ಯಾರ ಜೊತೆ ಆಡುತ್ತದೋ ಅವರನ್ನು ಕರೆಯಿರಿ. ಮಗುವಿಗೆ ಎಷ್ಟು ವರ್ಷವೋ ಅದರ ಎರಡರಷ್ಟು ಮಕ್ಕಳು ಸಾಕು: ಐದು ವರ್ಷಕ್ಕೆ 10 ಮಕ್ಕಳು. ಸಂಬಂಧಿಕರು, ಪಂಚಾಯ್ತಿ ಮೆಂಬರರು, ಗಂಡನ ಗೆಳೆಯರು ಇದರಲ್ಲಿ ಬರುವುದಿಲ್ಲ.

ಮೂರು, ಕರೆಯುವಾಗಲೇ ಬಾಯಿಬಿಟ್ಟು ಹೇಳಿ: “ಏನೂ ತರಬ್ಯಾಡ್ರಿ. ತಂದ್ರ ಹೊಳ್ಳಿ ಕೊಟ್ಟು ಕಳಸ್ತೀವಿ. ಹುಡುಗರನ್ನ ಅಷ್ಟ ಕಳಸ್ರಿ.” ಹೀಗೆ ಹೇಳಿದ ಮೇಲೆ ಹಾಗೆಯೇ ನಡೆಯಬೇಕು. ಯಾರಾದರೂ ತಂದರೆ ಎಲ್ಲರ ಮುಂದೆ ಬಿಚ್ಚಬೇಡಿ. ರಿಟರ್ನ್ ಗಿಫ್ಟ್ ಕೂಡ ಬೇಡ.

ನಾಲ್ಕು, ಸಮಯ ಎರಡು ತಾಸು. ಸಂಜೆ 4ರಿಂದ 6ರವರೆಗೆ ಸಾಕು. ಊಟದ ಹೊತ್ತು ಅಲ್ಲದ್ದರಿಂದ ತಿಂಡಿಯಲ್ಲೇ ಮುಗಿಯುತ್ತದೆ. ಕತ್ತಲಾಗುವ ಮುಂಚೆ ಮಕ್ಕಳು ಮನೆ ಸೇರುತ್ತಾರೆ.

ಐದು, ತಿಂಡಿ ಮನೆಯದ್ದೇ. ಹತ್ತು-ಹನ್ನೆರಡು ಮಕ್ಕಳಿಗೆ ಒಂದು ಅಂದಾಜು ಪಟ್ಟಿ:

ಶೇಂಗಾ 1 ಕಿಲೋ – 140 ರೂ.
ಉಂಡಿಗೆ ಬೆಲ್ಲ – 45 ರೂ.
ಗಿರ್ಮಿಟ್‌ಗೆ ಚುರುಮುರಿ – 70 ರೂ.
ಉಳ್ಳಾಗಡ್ಡಿ, ಟೊಮೆಟೊ, ಪುಠಾಣಿ, ಎಣ್ಣೆ – 90 ರೂ.
ಪಾನಕಕ್ಕೆ ನಿಂಬೆಹಣ್ಣು, ಬೆಲ್ಲ – 55 ರೂ.
ಬಣ್ಣದ ಕಾಗದ, ದಾರ – 20 ರೂ.
ಮಗುವಿಗೆ ಒಂದು ಪುಸ್ತಕ – 80 ರೂ.
ಒಟ್ಟು – 500 ರೂ.

ಶೇಂಗಾ ಉಂಡಿಯಲ್ಲಿ ಮಕ್ಕಳ ಬೆಳವಣಿಗೆಗೆ ಬೇಕಾದ ಪ್ರೋಟೀನ್ ಇದೆ. ಕೇಕ್ ಬೇಕೇಬೇಕೆಂದು ಮಗು ಹಠ ಹಿಡಿದರೆ ಮನೆಯಲ್ಲೇ ರವೆಯ ಕೇಕ್ ಮಾಡಿ. ಕುಕ್ಕರಿನ ತಳದಲ್ಲಿ ಉಪ್ಪು ಹರಡಿ, ಸೀಟಿ ಮತ್ತು ಗ್ಯಾಸ್ಕೆಟ್ ತೆಗೆದು, ಸಣ್ಣ ಉರಿಯಲ್ಲಿ ಬೇಯಿಸಬಹುದು. ಇಲ್ಲವೇ ಶಿರಾವನ್ನು ತಟ್ಟೆಗೆ ಒತ್ತಿ, ಕೇಕಿನಂತೆ ಮಗುವೇ ಕತ್ತರಿಸಲಿ. ಮಕ್ಕಳಿಗೆ ಬೇಕಾದದ್ದು ಕತ್ತರಿಸುವ ಆ ಒಂದು ಗಳಿಗೆ.

ಆರು, ಆಟ ಮುಖ್ಯ. ಲಗೋರಿ, ಖೋಖೋ, ಕುಂಟಾಬಿಲ್ಲೆ, ಚಿಣ್ಣಿದಾಂಡು, ಕಣ್ಣಾಮುಚ್ಚಾಲೆಗೆ ಕಾಸು ಬೇಕಿಲ್ಲ. ಅಜ್ಜಿಯಿಂದ ಒಂದು ಕತೆ ಹೇಳಿಸಿ. ಮಗು ಹುಟ್ಟಿದ ದಿನ ಏನೇನಾಯಿತು, ಮಳೆ ಬಂದಿತ್ತೋ, ರೈಲು ತಪ್ಪಿತ್ತೋ, ಯಾರು ಮೊದಲು ಎತ್ತಿಕೊಂಡರು ಎಂದು ತಾಯಿಯೇ ಹೇಳಲಿ. ತನ್ನದೇ ಕತೆಯನ್ನು ಕೇಳುವಷ್ಟು ಇಷ್ಟ ಮಗುವಿಗೆ ಬೇರೆ ಯಾವುದೂ ಇಲ್ಲ. ಆ ಎರಡು ತಾಸು ಮೊಬೈಲ್ ಬದಿಗಿಡಿ. ಫೋಟೋ ಒಂದೆರಡು ಸಾಕು.

ಏಳು, ತಿಂಗಳ ಹುಟ್ಟುಹಬ್ಬ. ಸಂಘದ ಸದಸ್ಯೆಯರ ಮಕ್ಕಳಲ್ಲಿ ಆ ತಿಂಗಳು ಹುಟ್ಟಿದವರೆಲ್ಲರ ಹುಟ್ಟುಹಬ್ಬವನ್ನು ಒಂದೇ ಭಾನುವಾರ ಕೂಡಿ ಮಾಡಬಹುದು. 15 ಸದಸ್ಯೆಯರು ತಲಾ 20 ರೂಪಾಯಿ ಹಾಕಿದರೆ 300 ರೂಪಾಯಿ ಆಯಿತು. ಒಬ್ಬರು ಶೇಂಗಾ, ಒಬ್ಬರು ಬೆಲ್ಲ ತಂದರೆ ಹಬ್ಬವಾಯಿತು. ಯಾರ ಮನೆ ದೊಡ್ಡದು, ಯಾರದು ಸಣ್ಣದು ಎಂಬ ಹೋಲಿಕೆ ಇರುವುದಿಲ್ಲ. ಈ ಹಣ ಸಂಘದ ಉಳಿತಾಯದಿಂದ ಬೇಡ. ಬೇರೆಯಾಗಿಯೇ ಕೂಡಿಸಿ, ಲೆಕ್ಕ ಬರೆದಿಡಿ.

ಬಹಳ ದಿನ ಬಾಳುವ ಉಡುಗೊರೆಗಳು

ಜನನ ಪ್ರಮಾಣಪತ್ರ: ಜೂನ್ 1ರ ಕತೆ ನಮ್ಮ ಮಕ್ಕಳಿಗೆ ಬೇಡ. ಮಗು ಹುಟ್ಟಿದ 21 ದಿನದೊಳಗೆ ನೋಂದಣಿ ಮಾಡಿಸಿದರೆ ಶುಲ್ಕವಿಲ್ಲ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಆ ದಿನ ಮತ್ತು ಅದರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ ಪ್ರವೇಶ, ವಾಹನ ಪರವಾನಗಿ, ಮತದಾರರ ಪಟ್ಟಿ ಮುಂತಾದವುಗಳಿಗೆ ಹುಟ್ಟಿದ ತಾರೀಕಿನ ಪುರಾವೆ ಜನನ ಪ್ರಮಾಣಪತ್ರವೇ. ಒಂದನೇ ಹುಟ್ಟುಹಬ್ಬ ಬರುವುದರೊಳಗೆ ಈ ಕಾಗದ, ಅದರಲ್ಲಿ ಮಗುವಿನ ಹೆಸರು ಸರಿಯಾಗಿ ಬರೆದು, ಮನೆಯ ಪೆಟ್ಟಿಗೆಯಲ್ಲಿ ಇರಬೇಕು. ಮುಂದೆ ಹೆಣ್ಣುಮಗಳಿಗೆ 18 ತುಂಬುವ ಮುಂಚೆ ಯಾರಾದರೂ ಮದುವೆ ಮಾತು ಎತ್ತಿದರೆ, ಆಕೆಯನ್ನು ಕಾಯುವುದೂ ಇದೇ ಕಾಗದ.

ಚುಚ್ಚುಮದ್ದು: ಪ್ರತಿ ಹುಟ್ಟುಹಬ್ಬಕ್ಕೆ ತಾಯಿ ಕಾರ್ಡ್ ತೆಗೆದು ನೋಡಿ. 16ರಿಂದ 24 ತಿಂಗಳೊಳಗಿನ ಬೂಸ್ಟರ್ ಆಗಿದೆಯೇ? ಐದನೇ ವರ್ಷದ ಡಿಪಿಟಿ? ಹತ್ತನೇ ಮತ್ತು ಹದಿನಾರನೇ ವರ್ಷದ ಟಿಡಿ? ಐದು, ಹತ್ತು, ಹದಿನಾರು ಎಂದು ಹುಟ್ಟುಹಬ್ಬದ ಲೆಕ್ಕದಲ್ಲೇ ನೆನಪಿಡಬಹುದು. ಸಣ್ಣ ಮಕ್ಕಳ ತೂಕವನ್ನು ಅಂಗನವಾಡಿಯಲ್ಲಿ ನೋಡಿಸಿ.

ಉಳಿತಾಯ: ಹೆಣ್ಣುಮಗುವಿಗೆ ಹತ್ತು ವರ್ಷ ತುಂಬುವುದರೊಳಗೆ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು. 2015ರಲ್ಲಿ ಶುರುವಾದ ಈ ಯೋಜನೆಯಲ್ಲಿ ವರ್ಷಕ್ಕೆ ಕನಿಷ್ಠ 250 ರೂಪಾಯಿ ತುಂಬಿದರೂ ಖಾತೆ ನಡೆಯುತ್ತದೆ. 15 ವರ್ಷ ತುಂಬಬೇಕು. ಖಾತೆ ತೆರೆದ 21 ವರ್ಷಕ್ಕೆ ಅದು ಪಕ್ವವಾಗುತ್ತದೆ. ಗಂಡುಮಗುವಿಗೆ ಅಂಚೆ ಕಚೇರಿಯ ಆರ್‌ಡಿ ಇದೆ: ತಿಂಗಳಿಗೆ 100 ರೂಪಾಯಿಯಿಂದ, ಐದು ವರ್ಷಕ್ಕೆ. 100ರಂತೆ ಕಟ್ಟಿದರೆ ಅಸಲೇ 6000, ಮೇಲೆ ಬಡ್ಡಿ. ಹುಟ್ಟುಹಬ್ಬದ ದಿನ ಮಗುವನ್ನು ಕೈಹಿಡಿದು ಅಂಚೆ ಕಚೇರಿಗೆ ಕರೆದುಕೊಂಡು ಹೋಗಿ, ಅದರ ಕೈಯಿಂದಲೇ ಹಣ ಕೊಡಿಸಿ. ಪಾಸ್‌ಬುಕ್ಕಿನಲ್ಲಿ ತನ್ನ ಹೆಸರು ನೋಡಿದ ಮಗು ಅದನ್ನು ಮರೆಯುವುದಿಲ್ಲ.

ಓದು: ಗ್ರಾಮ ಪಂಚಾಯ್ತಿ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಎನ್ನುತ್ತಾರೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಆರನೇ ಹುಟ್ಟುಹಬ್ಬಕ್ಕೆ ಇದಕ್ಕಿಂತ ಒಳ್ಳೆಯ ಉಡುಗೊರೆ ಯಾವುದಿದೆ?

ಕೊಡುವುದಿದ್ದರೆ ಹೀಗೆ ಕೊಡಿ

ಕೈಯಲ್ಲಿ ಅನುಕೂಲವಿದ್ದವರು ಹುಟ್ಟುಹಬ್ಬದ ನೆಪದಲ್ಲಿ ಇತರ ಮಕ್ಕಳಿಗೂ ಏನಾದರೂ ಕೊಡಲು ಬಯಸುತ್ತಾರೆ. ಒಳ್ಳೆಯದೇ. ಪಿಎಂ ಪೋಷಣ್ ಎಂಬ ಶಾಲಾ ಬಿಸಿಯೂಟದ ಯೋಜನೆಯಲ್ಲಿ ‘ತಿಥಿ ಭೋಜನ’ ಎಂಬ ಅವಕಾಶ ಇದೆ. ಹುಟ್ಟುಹಬ್ಬದಂಥ ದಿನ ಊರವರು ಶಾಲೆಯ ಎಲ್ಲ ಮಕ್ಕಳಿಗೂ ಒಂದು ಸಿಹಿ, ಹಣ್ಣು ಅಥವಾ ಊಟ ಕೊಡಬಹುದು. ಮುಖ್ಯೋಪಾಧ್ಯಾಯರನ್ನು ಮುಂಚೆಯೇ ಕೇಳಿ, ಶುದ್ಧವಾಗಿ ತಯಾರಿಸಿ, ಎಲ್ಲರಿಗೂ ಸಮನಾಗಿ ಹಂಚಿ. ಒಂದು ಬುಟ್ಟಿ ಬಾಳೆಹಣ್ಣಾದರೂ ಸರಿ.

ನಮ್ಮ ಹೊಳೆಆಲೂರಿನಲ್ಲೇ ಜ್ಞಾನಸಿಂಧು ಅಂಧ ಮಕ್ಕಳ ವಸತಿ ಶಾಲೆ ಇದೆ. ಅಲ್ಲಿನ ಮಕ್ಕಳು ಮಲ್ಲಕಂಬದ ಪ್ರದರ್ಶನಕ್ಕೆ ಹೆಸರಾದವರು. ಇಂಥ ಶಾಲೆಗೆ ಹೋಗುವವರು ಕೇಕ್ ಹಿಡಿದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಸ್ಟೇಟಸ್ ಹಾಕಬೇಡಿ. ಆ ಮಕ್ಕಳು ನಮ್ಮ ಹುಟ್ಟುಹಬ್ಬದ ಅಲಂಕಾರವಲ್ಲ. ಅವರಿಗೇನು ಬೇಕು ಎಂದು ಮೊದಲು ಕೇಳಿ. ಅಕ್ಕಿಯೋ, ಸೋಪೋ, ಏನೂ ಬೇಡವೋ ಎಂದು ಅವರೇ ಹೇಳಲಿ. ನಿಮ್ಮ ಮಗು ಅವರಿಂದ ಏನಾದರೂ ಕಲಿತು ಬಂದರೆ ಅದೇ ದೊಡ್ಡದು.

ಮಗುವಿಗೆ ಏನು ಹೇಳೋಣ? ಮಂದಿಗೆ ಏನು ಹೇಳೋಣ?

“ನಮ್ಮತ್ರ ರೊಕ್ಕ ಇಲ್ಲ, ಸುಮ್ನಿರು” ಎಂದರೆ ಮಗು ತನ್ನನ್ನೇ ಕಡಿಮೆ ಎಂದುಕೊಳ್ಳುತ್ತದೆ. ಬದಲಿಗೆ ಎರಡು ಆಯ್ಕೆ ಕೊಡಿ: “ಉಂಡಿ ಮಾಡೂಣೋ, ಶಿರಾ ಮಾಡೂಣೋ? ಲಗೋರಿ ಆಡ್ತೀರೋ, ಖೋಖೋ ಆಡ್ತೀರೋ? ಯಾರ್ಯಾರನ್ನ ಕರೀತಿ?” ಬಣ್ಣದ ಕಾಗದವನ್ನು ಮಗುವೇ ಕತ್ತರಿಸಲಿ, ಉಂಡಿಯನ್ನು ಮಗುವೇ ಕಟ್ಟಲಿ. ತಾನೇ ಮಾಡಿದ ಹಬ್ಬ ಮಗುವಿಗೆ ಎಂದೂ ಸಣ್ಣದಾಗಿ ಕಾಣುವುದಿಲ್ಲ. ಎಂಟು-ಹತ್ತು ವರ್ಷದ ಮಕ್ಕಳಿಗೆ ಮೇಲಿನ ಲೆಕ್ಕವನ್ನೇ ತೋರಿಸಿ. ಮಕ್ಕಳಿಗೆ ನಾವು ತಿಳಿದಿರುವುದಕ್ಕಿಂತ ಹೆಚ್ಚು ಅರ್ಥವಾಗುತ್ತದೆ.

“ಮಂದಿ ಏನಂದಾರು?” ಎಂಬುದು ಕೊನೆಯ ಹೆದರಿಕೆ. ಮಂದಿ ಎಂದರೆ ಯಾರು? ಈ ಸಭೆಯಲ್ಲಿ ಕುಳಿತ ನಾವೇ. ನಮ್ಮ ಹಾಗೆಯೇ ಅವರೂ ಹೆದರಿ ಖರ್ಚು ಮಾಡುತ್ತಿದ್ದಾರೆ. ಒಬ್ಬಳು ಬಿಟ್ಟರೆ “ಜಿಪುಣಿ” ಎನ್ನುತ್ತಾರೆ. ಸಂಘದ 15 ಮಂದಿ ಒಟ್ಟಿಗೆ ಬಿಟ್ಟರೆ ಅದೇ ಊರಿನ ಪದ್ಧತಿಯಾಗುತ್ತದೆ. ಶಾಲಾಭಿವೃದ್ಧಿ ಸಮಿತಿಯಲ್ಲಿರುವ ಸದಸ್ಯೆಯರು ಅಲ್ಲಿಯೂ ಈ ಮಾತು ಎತ್ತಿ. ತರಗತಿಯಲ್ಲಿ ಚಾಕೊಲೇಟ್, ಪೆನ್ನು ಹಂಚುವ ಪೈಪೋಟಿ ಬಿಟ್ಟು, ಹುಟ್ಟುಹಬ್ಬದ ಮಗುವಿಗೆ ಎಲ್ಲರೂ ಚಪ್ಪಾಳೆ ತಟ್ಟಿ ಹಾರೈಸುವ ಪದ್ಧತಿ ತರಬಹುದು.

ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ಕಳೆದ ವರ್ಷ ನಿಮ್ಮ ಮನೆಯಲ್ಲಿ ಹುಟ್ಟುಹಬ್ಬಗಳಿಗೆ ಎಷ್ಟು ಖರ್ಚಾಯಿತು? ಬೇರೆಯವರ ಮಕ್ಕಳಿಗೆ ಉಡುಗೊರೆ ಕೊಟ್ಟದ್ದು ಎಷ್ಟು? ಅದರಲ್ಲಿ ಸಾಲ ಎಷ್ಟು?
2. ಉಡುಗೊರೆ ಇಲ್ಲವೆಂದು ಯಾವುದಾದರೂ ಮಗು ಮನೆಯಲ್ಲೇ ಉಳಿದದ್ದು ನಿಮ್ಮ ಗಮನಕ್ಕೆ ಬಂದಿದೆಯೇ? ಹೆಸರು ಹೇಳದೆ ಹಂಚಿಕೊಳ್ಳಿ.
3. ನಿಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಹುಟ್ಟುಹಬ್ಬ ಮಾಡುತ್ತೀರಾ?
4. ನಿಮ್ಮ ಎಲ್ಲ ಮಕ್ಕಳ ಜನನ ಪ್ರಮಾಣಪತ್ರ ಮನೆಯಲ್ಲಿದೆಯೇ?

ಸಂಘದ ನಿರ್ಣಯಕ್ಕೆ ಸಲಹೆ

ಒಪ್ಪಿಗೆಯಾದವುಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಅಥವಾ ಹೆಬ್ಬೆಟ್ಟು ಹಾಕಿ:
– ಹುಟ್ಟುಹಬ್ಬಕ್ಕೆ ಸಾಲ ಕೇಳುವುದಿಲ್ಲ, ಕೊಡುವುದಿಲ್ಲ.
– ಸದಸ್ಯೆಯರ ಮನೆಗಳ ನಡುವೆ ಉಡುಗೊರೆ, ರಿಟರ್ನ್ ಗಿಫ್ಟ್ ಇಲ್ಲ.
– ಫ್ಲೆಕ್ಸ್, ಸ್ಪ್ರೇ, ಪ್ಲಾಸ್ಟಿಕ್ ತಟ್ಟೆ ಇಲ್ಲ.
– ಮಗನಿಗೂ ಮಗಳಿಗೂ ಒಂದೇ ರೀತಿ.
– ತಿಂಗಳಿಗೊಮ್ಮೆ ಸಂಘದ ಮಕ್ಕಳ ಕೂಡು ಹುಟ್ಟುಹಬ್ಬ.

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬ ಸದಸ್ಯೆ ತನ್ನ ಮಕ್ಕಳ ಹೆಸರು, ಹುಟ್ಟಿದ ತಾರೀಕು ಬರೆದುಕೊಂಡು ಬರಲಿ. ಬರೆಯಲು ಬಾರದವರು ಮಕ್ಕಳ ಕೈಯಿಂದಲೇ ಬರೆಸಲಿ. ಹನ್ನೆರಡು ತಿಂಗಳ ಒಂದು ಪಟ್ಟಿ ಮಾಡಿ ಸಂಘದ ಕೋಣೆಯ ಗೋಡೆಗೆ ಹಚ್ಚೋಣ. ತನ್ನ ಹುಟ್ಟಿದ ದಿನ ಗೊತ್ತಿಲ್ಲದ ಸದಸ್ಯೆ ತನಗೆ ಇಷ್ಟವಾದ ಒಂದು ದಿನ ಆರಿಸಿಕೊಂಡು ತನ್ನ ಹೆಸರನ್ನೂ ಆ ಪಟ್ಟಿಗೆ ಸೇರಿಸಲಿ. ಆಕೆಗೂ ಒಂದು ಶೇಂಗಾ ಉಂಡಿ ಸಲ್ಲಬೇಕು.